ಬ್ಯಾನರ್‌ನಲ್ಲಿ ಒಬ್ಬಳು, ಸಮೀಕ್ಷೆಯಲ್ಲಿ ಎಲ್ಲರೂ: ಹಳ್ಳಿ ಶಾಲೆಯ ಸಾಧನೆ ಅಳೆಯುವುದು ಹೇಗೆ?

ಹಳ್ಳಿಯ ಸರ್ಕಾರಿ ಶಾಲೆಗಳ ಬಗ್ಗೆ ಎರಡು ಮೂರು ವರ್ಷಗಳಲ್ಲಿ ಬಂದ ಸುದ್ದಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಯಾರಿಗಾದರೂ ಗೊಂದಲ ಆಗುತ್ತದೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 625 ಅಂಕ ತೆಗೆದು ರಾಜ್ಯಕ್ಕೇ ಮೊದಲು ಬಂದದ್ದು ಮುಧೋಳ ತಾಲ್ಲೂಕಿನ ಒಂದು ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಹುಡುಗಿ. ಅದೇ ಪರೀಕ್ಷೆಯಲ್ಲಿ ಯಾದಗಿರಿ ಜಿಲ್ಲೆಯ ಮಕ್ಕಳಲ್ಲಿ ಪಾಸಾದವರು ಶೇ 50.59 ಮಾತ್ರ. 2025ರ ಜನವರಿಯಲ್ಲಿ ಬಂದ ಅಸರ್ ವರದಿ, ದೇಶದ ಹಳ್ಳಿಗಳಲ್ಲಿ ಐದನೇ ತರಗತಿಯ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಎರಡನೇ ತರಗತಿಯ ಪಾಠ ಓದಲಾರರು ಎಂದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಎಸ್ಸೆಸ್ಸೆಲ್ಸಿಯ ಪಾಸ್ ಅಂಕವನ್ನು ಶೇ 35ರಿಂದ 33ಕ್ಕೆ ಇಳಿಸುವುದಾಗಿ ಸರ್ಕಾರ ಹೇಳಿತು.

ಇತ್ತ ಊರಿನ ಬಸ್ ಸ್ಟಾಪಿನ ಬಳಿ ಬ್ಯಾನರ್ ಕಟ್ಟಿರುತ್ತದೆ. ಪ್ರತಿಭಾ ಕಾರಂಜಿಯಲ್ಲಿ ಜಿಲ್ಲಾ ಮಟ್ಟಕ್ಕೆ ಆಯ್ಕೆ, ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯಲ್ಲಿ ಇಬ್ಬರು ಪಾಸ್, ನವೋದಯಕ್ಕೆ ಒಬ್ಬ ಆಯ್ಕೆ ಅಂತ ಮಕ್ಕಳ ಫೋಟೊ ಸಮೇತ. ಹಾಗಾದರೆ ನಮ್ಮೂರ ಶಾಲೆ ಚೆನ್ನಾಗಿದೆಯೋ ಇಲ್ಲವೋ? ಬ್ಯಾನರ್ ಸುಳ್ಳು ಹೇಳುತ್ತಿದೆಯೋ, ವರದಿ ಸುಳ್ಳು ಹೇಳುತ್ತಿದೆಯೋ?

ಎರಡೂ ನಿಜವೇ. ಅವು ಎಣಿಸುತ್ತಿರುವ ಮಕ್ಕಳು ಬೇರೆ ಬೇರೆ, ಅಷ್ಟೇ.

ಮನೆ ಬಾಗಿಲಿಗೆ ಬರುವ ಹಾಳೆ

ಮೊದಲು ಅಸರ್ ಏನು ಮಾಡುತ್ತದೆ ಎಂದು ನೋಡೋಣ. ಪ್ರಥಮ್ ಸಂಸ್ಥೆ 2005ರಲ್ಲಿ ಶುರು ಮಾಡಿದ ಈ ಸಮೀಕ್ಷೆ ಹಳ್ಳಿಗಳಲ್ಲಿ ಮಾತ್ರ ನಡೆಯುತ್ತದೆ. 2024ರಲ್ಲಿ 605 ಜಿಲ್ಲೆಗಳಲ್ಲಿ ನಡೆಯಿತು. ಮಕ್ಕಳನ್ನು ಶಾಲೆಯಲ್ಲಿ ಸಾಲಾಗಿ ಕೂರಿಸಿ ಪರೀಕ್ಷೆ ಮಾಡುವುದಿಲ್ಲ. ಒಂದು ಜಿಲ್ಲೆಯಲ್ಲಿ 30 ಹಳ್ಳಿ, ಒಂದು ಹಳ್ಳಿಯಲ್ಲಿ 20 ಮನೆ ಆರಿಸಿಕೊಂಡು ಮನೆಗೇ ಹೋಗುತ್ತಾರೆ. ಆ ಮನೆಯ ಮಗು ಸರ್ಕಾರಿ ಶಾಲೆಗೆ ಹೋಗಲಿ, ಖಾಸಗಿ ಶಾಲೆಗೆ ಹೋಗಲಿ, ಶಾಲೆ ಬಿಟ್ಟಿರಲಿ, ಲೆಕ್ಕಕ್ಕೆ ಬರುತ್ತದೆ.

ಮಗುವಿನ ಕೈಗೆ ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ಒಂದನೇ ತರಗತಿ ಮಟ್ಟದ ನಾಲ್ಕು ಸಾಲಿನ ಪುಟ್ಟ ಪಾಠ ಇರುತ್ತದೆ. ಅದನ್ನು ಸರಾಗವಾಗಿ ಓದಿದರೆ ಎರಡನೇ ತರಗತಿ ಮಟ್ಟದ ಕಥೆ ತೋರಿಸುತ್ತಾರೆ. ತಡವರಿಸಿದರೆ ಬಿಡಿ ಪದಗಳಿಗೆ ಇಳಿಯುತ್ತಾರೆ, ಅದೂ ಆಗದಿದ್ದರೆ ಅಕ್ಷರಗಳಿಗೆ. ಮಗು ಎಲ್ಲಿ ನಿಂತಿತೋ ಅದನ್ನು ಬರೆದುಕೊಳ್ಳುತ್ತಾರೆ. ಐದು ನಿಮಿಷದ ಕೆಲಸ.

ಈ ಅಳತೆಯಲ್ಲಿ 2024ರಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಮೂರನೇ ತರಗತಿಯಲ್ಲಿ ಶೇ 27.1, ಐದನೇ ತರಗತಿಯಲ್ಲಿ ಶೇ 48.8. ಇದು ದೇಶದ ಲೆಕ್ಕ. ಕೋವಿಡ್ ನಂತರ, 2022ರಲ್ಲಿ, ಇವೇ ಸಂಖ್ಯೆಗಳು ಶೇ 20.5 ಮತ್ತು ಶೇ 42.8 ಇದ್ದವು. ಸರ್ಕಾರಿ ಶಾಲೆಗಳನ್ನಷ್ಟೇ ತೆಗೆದುಕೊಂಡರೆ ಮೂರನೇ ತರಗತಿಯಲ್ಲಿ ಓದಬಲ್ಲವರು ಎರಡೇ ವರ್ಷಗಳಲ್ಲಿ ಶೇ 16.3ರಿಂದ ಶೇ 23.4ಕ್ಕೆ ಬಂದರು. ‘ಓದಲು ಬಾರದ ಮಕ್ಕಳು’ ಎಂಬ ತಲೆಬರಹದಡಿ ಈ ಏರಿಕೆ ಮುಚ್ಚಿಹೋಯಿತು. ಸರ್ಕಾರಿ ಶಾಲೆಯ ಟೀಚರುಗಳಿಗೆ ಸಲ್ಲಬೇಕಾದ ಮಾತು ಇದು, ಅದಕ್ಕೇ ಇಲ್ಲಿ ಎತ್ತಿ ಹೇಳುತ್ತಿದ್ದೇನೆ.

ಈ ಅಳತೆಗೆ ಆಕ್ಷೇಪಗಳೂ ಇವೆ. ಗುರುತಿಲ್ಲದವರು ಮನೆಗೆ ಬಂದು ಓದು ಅಂದರೆ ಕೆಲವು ಮಕ್ಕಳು ಬಾಯಿ ಬಿಡುವುದಿಲ್ಲ. ಗಟ್ಟಿಯಾಗಿ ಓದುವುದಷ್ಟೇ ಕಲಿಕೆಯಾ ಎಂದು ಶಿಕ್ಷಕರು ಕೇಳುತ್ತಾರೆ. ಕೇಂದ್ರ ಸರ್ಕಾರದ ‘ಪರಖ್’ ಸಮೀಕ್ಷೆ ಶಾಲೆಯೊಳಗೇ ನಡೆಯುತ್ತದೆ. 2024ರ ಡಿಸೆಂಬರ್ 4ರಂದು 3, 6 ಮತ್ತು 9ನೇ ತರಗತಿಗಳಿಗೆ ನಡೆದ ಅದರಲ್ಲಿ, ಕೊಟ್ಟ ಉತ್ತರಗಳ ಪೈಕಿ ಸರಿಯಾದುದನ್ನು ಗುರುತಿಸಬೇಕಿತ್ತು. ಒಂದು ಬಾಯಲ್ಲಿ ಓದಿಸುತ್ತದೆ, ಇನ್ನೊಂದು ಗುರುತು ಹಾಕಿಸುತ್ತದೆ. ಎರಡರ ಸಂಖ್ಯೆಗಳೂ ಹೊಂದಿಕೆಯಾಗದಿದ್ದರೆ ಅದರಲ್ಲಿ ಅಚ್ಚರಿ ಇಲ್ಲ.

ಎಸ್ಸೆಸ್ಸೆಲ್ಸಿ ನಿಜಕ್ಕೂ ಕುಸಿಯಿತಾ?

ಜನ ಅತಿ ಹೆಚ್ಚು ತಪ್ಪಾಗಿ ಓದಿಕೊಂಡ ಸುದ್ದಿ ಇದು. 2023ರಲ್ಲಿ ಶೇ 83.89, 2024ರಲ್ಲಿ ಶೇ 73.40, 2025ರ ಮೊದಲ ಪರೀಕ್ಷೆಯಲ್ಲಿ ಶೇ 62.34. ಮೂರೂ ಅಂಕಿಗಳನ್ನು ಸಾಲಾಗಿ ಬರೆದರೆ ಇಳಿಜಾರಿನಲ್ಲಿ ಬಂಡಿ ಜಾರಿದಂತೆ ಕಾಣುತ್ತದೆ. ಆದರೆ ಮೂರು ವರ್ಷವೂ ನಿಯಮ ಒಂದೇ ಇರಲಿಲ್ಲ.

2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಕೊಠಡಿಯಲ್ಲಿ ನಡೆಯುವುದನ್ನು ಅಧಿಕಾರಿಗಳು ಕೂತಲ್ಲೇ ನೋಡುವಂತಾಯಿತು. ನಕಲು ಕಡಿಮೆಯಾಯಿತು. ಫಲಿತಾಂಶ ತೀರಾ ಕೆಳಗೆ ಹೋಗುವುದನ್ನು ಕಂಡು, ಸಾಮಾನ್ಯವಾಗಿ ಶೇ 10 ಇದ್ದ ಕೃಪಾಂಕವನ್ನು ಆ ವರ್ಷಕ್ಕೆಂದು ಶೇ 20ಕ್ಕೆ ಏರಿಸಿದರು. ಅದು ಇರದಿದ್ದರೆ 2024ರ ಫಲಿತಾಂಶ ಶೇ 54ರ ಆಸುಪಾಸು ಇರುತ್ತಿತ್ತು. 2025ರಲ್ಲಿ ಆ ವಿಶೇಷ ಕೃಪಾಂಕ ಇರಲಿಲ್ಲ, ಕ್ಯಾಮೆರಾ ಮಾತ್ರ ಇತ್ತು.

ಈಗ ಹೋಲಿಸಿ. ಕ್ಯಾಮೆರಾ ಇದ್ದು ವಿಶೇಷ ಕೃಪಾಂಕ ಇಲ್ಲದ ಲೆಕ್ಕದಲ್ಲಿ 2024ರದ್ದು ಸುಮಾರು 54, 2025ರದ್ದು 62. ಹನ್ನೊಂದು ಕುಸಿಯಿತು ಎಂದು ನಾವು ಓದಿದ ವರ್ಷ ನಿಜಕ್ಕೂ ಎಂಟರಷ್ಟು ಮೇಲೆ ಬಂದ ವರ್ಷ. ಮಕ್ಕಳು ಮತ್ತು ಮೇಷ್ಟ್ರುಗಳು ಶ್ರಮಪಟ್ಟು ಏರಿಸಿದ ವರ್ಷವೇ ಅವರಿಗೆ ಬೈಗುಳ ಸಿಕ್ಕಿತು. ಅನ್ಯಾಯ ಅಲ್ವಾ?

ಅಷ್ಟೇ ಅಲ್ಲ, 62.34 ಎಂಬುದು ಮೊದಲ ಪರೀಕ್ಷೆಯ ಸಂಖ್ಯೆ. 2024 ಮತ್ತು 2025ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳಿದ್ದವು. ಮೊದಲನೆಯದರಲ್ಲಿ ಉಳಿದ ವಿಷಯವನ್ನು ಎರಡು, ಮೂರನೆಯದರಲ್ಲಿ ಬರೆದು ಅದೇ ವರ್ಷ ಪಿಯುಸಿಗೆ ಸೇರಬಹುದಿತ್ತು. ಮೇ ತಿಂಗಳ ಸುದ್ದಿಯಲ್ಲಿ ‘ಫೇಲ್’ ಆದವರಲ್ಲಿ ಎಷ್ಟೋ ಮಕ್ಕಳು ಜುಲೈ ಹೊತ್ತಿಗೆ ಪಾಸಾಗಿರುತ್ತಿದ್ದರು.

ಸಣ್ಣ ಶಾಲೆಗಳಿಗೆ ಇನ್ನೊಂದು ತೊಂದರೆ ಇದೆ. ಹತ್ತನೇ ತರಗತಿಯಲ್ಲಿ 20 ಮಕ್ಕಳಿದ್ದಾರೆ ಅಂದುಕೊಳ್ಳಿ. ಅಲ್ಲಿ ಒಂದು ಮಗು ಅಂದರೆ ಶೇ 5. ಈ ವರ್ಷ ನೂರಕ್ಕೆ ನೂರು ಬಂದು, ಮುಂದಿನ ವರ್ಷ ಒಬ್ಬ ಹುಡುಗನಿಗೆ ಜ್ವರ ಬಂದು, ಒಬ್ಬಳು ಗಣಿತದಲ್ಲಿ ಎರಡು ಅಂಕಕ್ಕೆ ಹಿಂದೆ ಬಿದ್ದರೆ ಸಾಕು, ಫಲಿತಾಂಶ ಶೇ 90. ಶಾಲೆ ಹಾಳಾಯಿತು ಎಂಬ ಮಾತು ಊರಲ್ಲಿ ಶುರು. ಪೇಟೆಯ 200 ಮಕ್ಕಳ ಶಾಲೆಯಲ್ಲಿ ಇದೇ ಇಬ್ಬರು ಶೇ 1 ಅಷ್ಟೇ. ಒಂದು ವರ್ಷದ ಶೇಕಡಾವಾರು ಇಟ್ಟುಕೊಂಡು ಹಳ್ಳಿ ಶಾಲೆಗೆ ನೋಟಿಸ್ ಕೊಡುವುದು ಇದಕ್ಕೇ ಸರಿಯಲ್ಲ. ಮೂರು ನಾಲ್ಕು ವರ್ಷದ್ದನ್ನು ಒಟ್ಟಿಗೆ ನೋಡಬೇಕು.

ರ ಗ ಸ ದ ಅ

ಹತ್ತನೇ ತರಗತಿಯ ಸಮಸ್ಯೆ ಹತ್ತನೇ ತರಗತಿಯಲ್ಲಿ ಹುಟ್ಟುವುದಿಲ್ಲ. ಅದರ ಬೇರು ಹುಡುಕಬೇಕಾದರೆ ಒಂದರಿಂದ ಮೂರನೇ ತರಗತಿಯ ಮಕ್ಕಳು ಚಟುವಟಿಕೆಗಳ ಮೂಲಕ ಕಲಿಯುವ ನಲಿಕಲಿ ಕೊಠಡಿಗೆ ಬರಬೇಕು.

ನಲಿಕಲಿ ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಆಂಧ್ರದ ರಿಷಿ ವ್ಯಾಲಿಯ ಪ್ರಯೋಗ ನೋಡಿಬಂದ ಸರ್ಕಾರಿ ಶಾಲೆ ಶಿಕ್ಷಕರೇ ನಮ್ಮ ಮಕ್ಕಳಿಗೆ ಹೊಂದುವ ಹಾಗೆ ಅದನ್ನು ಕಟ್ಟಿದರು. ಆಮೇಲೆ, 2009-10ರಿಂದ, ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು.

ಕೊಠಡಿಯೊಳಗೆ ಬೆಂಚು ಇರುವುದಿಲ್ಲ. ಮಕ್ಕಳು ನೆಲದ ಮೇಲೆ ಐದು ತಟ್ಟೆಗಳಲ್ಲಿ, ಅಂದರೆ ಐದು ಗುಂಪುಗಳಲ್ಲಿ ಕೂರುತ್ತಾರೆ. ಮೊದಲ ತಟ್ಟೆಗೆ ಟೀಚರ ಪೂರ್ಣ ಸಹಾಯ, ಎರಡನೆಯದಕ್ಕೆ ಅರ್ಧ. ಮುಂದಿನ ಎರಡರಲ್ಲಿ ಜೊತೆಯ ಮಕ್ಕಳೇ ಹೇಳಿಕೊಡುತ್ತಾರೆ. ಐದನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಗೋಡೆಯ ಮೇಲೆ ಕಲಿಕಾ ಏಣಿ ಇದೆ. ತಾನು ಯಾವ ಮೈಲಿಗಲ್ಲಿನಲ್ಲಿ ಇದ್ದೇನೆ ಎಂದು ಮಗು ನೋಡಿಕೊಂಡು, ಆ ಗುರುತಿನ ಕಾರ್ಡ್ ತಾನೇ ಎತ್ತಿಕೊಂಡು ಬರುತ್ತದೆ. ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ಮಕ್ಕಳು ಬರೆದ ಚಿತ್ರಗಳು ನೇತಾಡುತ್ತಿರುತ್ತವೆ.

ಅಕ್ಷರ ಕಲಿಸುವ ಕ್ರಮವೂ ಬೇರೆ. ಅ ಆ ಇ ಈ ಇಂದ ಶುರುವಾಗುವುದಿಲ್ಲ. ಮೊದಲ ಗುಂಪು ರ, ಗ, ಸ, ದ, ಅ. ಬರೆಯಲು ಸುಲಭವಾಗಿ, ಒಂದನ್ನೊಂದು ಹೋಲುವ ಅಕ್ಷರಗಳು ಮೊದಲು. ಈ ಐದೇ ಅಕ್ಷರ ಕಲಿತ ಮಗು ಸರ, ದರ, ಅರಸ, ಅಗಸ ಓದುತ್ತದೆ. ಗರಗಸ ಕೂಡ. 49 ಅಕ್ಷರ ಮುಗಿಯುವವರೆಗೆ ಕಾಯಬೇಕಿಲ್ಲ. ತಾನು ಓದಬಲ್ಲೆ ಎಂಬ ಧೈರ್ಯ ಮೊದಲ ತಿಂಗಳಲ್ಲೇ ಬರುತ್ತದೆ.

ಇಷ್ಟು ಚೆನ್ನಾಗಿದ್ದರೆ ಮಕ್ಕಳು ಯಾಕೆ ಹಿಂದೆ ಬೀಳುತ್ತಾರೆ? ಕನ್ನಡ ಓದು ಅಕ್ಷರಕ್ಕೆ ಮುಗಿಯುವುದಿಲ್ಲ. ಕಾಗುಣಿತ ಬೇಕು, ಒತ್ತಕ್ಷರ ಬೇಕು. ‘ಕ’ ಗೊತ್ತಿರುವ ಮಗುವಿಗೆ ‘ಕೈ’, ‘ಕೌ’, ‘ಕೃ’, ‘ಕ್ಕ’ ಎಲ್ಲವೂ ಹೊಸ ಆಕಾರಗಳೇ. ಬಹುತೇಕ ಮಕ್ಕಳು ಸಿಕ್ಕಿಕೊಳ್ಳುವುದು ಇಲ್ಲೇ. ದಾಟಿಸುವುದಕ್ಕೆ ಬೇಕಾದದ್ದು ಸಮಯ ಮತ್ತು ದಿನಾ ಪಕ್ಕದಲ್ಲಿ ಕೂರುವ ಒಬ್ಬ ಟೀಚರು.

ಸಣ್ಣ ಊರಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಐದು ತರಗತಿಗಳಿಗೆ ಇಬ್ಬರೇ ಶಿಕ್ಷಕರು ಇರುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆ ಹೇಳುವುದೂ ಹಾಗೆಯೇ, 60 ಮಕ್ಕಳವರೆಗೆ ಇಬ್ಬರು. ಅವರಲ್ಲಿ ಒಬ್ಬರು ತಾಲ್ಲೂಕಿನ ಸಭೆಗೆ ಹೋದರೆ ಅಥವಾ ಸಮೀಕ್ಷೆಯ ಕೆಲಸಕ್ಕೆ ಹೋದರೆ ಉಳಿದವರಿಗೆ ಐದೂ ತರಗತಿ. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರೇ ಗಣತಿದಾರರು. ಅದು ಮುಗಿಯಲಿಲ್ಲವೆಂದು ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಮುಂದುವರಿಸಿದರು. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು, ತುಳು ಆಡುವ ಮಗುವಿಗೆ ಶಾಲೆಯೇ ಕನ್ನಡ ಕೇಳುವ ಜಾಗ. ಶಾಲೆ ಇಲ್ಲದ ಒಂದು ವಾರ ಅಂಥ ಮಗುವನ್ನು ಎಷ್ಟು ಹಿಂದಕ್ಕೆ ಒಯ್ಯುತ್ತದೆ ಎಂಬುದು ಪಾಠ ಮಾಡುವವರಿಗೆ ಚೆನ್ನಾಗಿ ಗೊತ್ತು.

ಇಷ್ಟಾದ ಮೇಲೆ ನಾಲ್ಕನೇ ತರಗತಿ ಬರುತ್ತದೆ. ಕಾರ್ಡು, ಏಣಿ, ತಟ್ಟೆ ಎಲ್ಲ ಹೋಗಿ ಪಠ್ಯಪುಸ್ತಕ ಬರುತ್ತದೆ. ಮೂರನೇ ತರಗತಿಯ ಏಣಿಯಲ್ಲಿ ಅರ್ಧಕ್ಕೇ ನಿಂತ ಮಗುವೂ ನಾಲ್ಕಕ್ಕೆ ಬಂದಿರುತ್ತದೆ. ಅದಕ್ಕೆ ಹಿಂದಕ್ಕೆ ಹೋಗಿ ಒತ್ತಕ್ಷರ ಕಲಿಯಲು ಈಗ ಜಾಗವೇ ಇಲ್ಲ. ಟೀಚರ ಮೇಲೆ ಪಾಠ ಮುಗಿಸುವ ಒತ್ತಡ. ಓದಲಾರದ ಮಗು ಪರಿಸರ ಅಧ್ಯಯನವನ್ನೂ ಓದಲಾರದು, ಗಣಿತದ ಲೆಕ್ಕ ಏನು ಕೇಳುತ್ತಿದೆ ಎಂದೂ ತಿಳಿಯದು. ಬೋರ್ಡ್ ನೋಡಿ ಅಂದವಾಗಿ ನಕಲು ಮಾಡುವುದನ್ನು ಕಲಿಯುತ್ತದೆ. ನೋಟ್ ಬುಕ್ ತುಂಬಿರುತ್ತದೆ, ಆದ್ದರಿಂದ ಅಪ್ಪ ಅಮ್ಮನಿಗೆ ಅನುಮಾನ ಬರುವುದಿಲ್ಲ. ಎಂಟನೇ ತರಗತಿಗೆ ಹೈಸ್ಕೂಲಿಗೆ ಹೋದಾಗ, ಐದಾರು ಊರಿನಿಂದ ಬಂದ ಮಕ್ಕಳ ನಡುವೆ ಅದು ಹಿಂದಿನ ಸಾಲಿಗೆ ಸರಿಯುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಸಿಕ್ಕಿಬೀಳುವುದು ಈ ಮಗುವೇ.

ಸ್ಪರ್ಧೆ ಯಾರನ್ನು ಮುಟ್ಟುತ್ತದೆ?

ಶಾಲೆಯ ಚಟುವಟಿಕೆಗಳ ಬಗ್ಗೆ ಎರಡು ವಾದಗಳಿವೆ. ಪ್ರತಿಭಾ ಕಾರಂಜಿ, ಕ್ರೀಡಾಕೂಟ, ವಸ್ತುಪ್ರದರ್ಶನ ಎಲ್ಲ ಪಾಠದ ಸಮಯ ತಿನ್ನುತ್ತವೆ ಎನ್ನುವುದು ಒಂದು. ಅವು ಇಲ್ಲದಿದ್ದರೆ ಹಳ್ಳಿ ಮಗುವಿಗೆ ವೇದಿಕೆಯೇ ಇಲ್ಲ ಎನ್ನುವುದು ಇನ್ನೊಂದು.

ಎರಡನೆಯ ವಾದದಲ್ಲಿ ಹೆಚ್ಚು ಸತ್ಯವಿದೆ ಎಂದು ನನಗನಿಸುತ್ತದೆ. ಕ್ಲಸ್ಟರ್ ಮಟ್ಟದಲ್ಲಿ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ ಮಟ್ಟದಲ್ಲಿ, ಛದ್ಮವೇಷ ಹಾಕಿ ನಿಂತ ಮಗು, ಮಣ್ಣಿನಲ್ಲಿ ಎತ್ತು ಮಾಡಿ ಬಹುಮಾನ ತಂದ ಹುಡುಗ, ಆಶುಭಾಷಣದಲ್ಲಿ ಮೂರು ನಿಮಿಷ ನಡುಗದೆ ಮಾತಾಡಿದ ಹುಡುಗಿ, ಇವರಿಗೆ ಸಿಕ್ಕಿದ್ದು ದೊಡ್ಡದು. ತೊಂದರೆ ಇರುವುದು ಆಯ್ಕೆಯ ರೀತಿಯಲ್ಲಿ. ಬಹುಮಾನ ಬರಲೇಬೇಕೆಂದರೆ ಶಾಲೆ ಗೆಲ್ಲುವವರನ್ನೇ ಕಳಿಸುತ್ತದೆ. ಚುರುಕಾದ ಅದೇ ನಾಲ್ಕು ಮಕ್ಕಳು ಕಂಠಪಾಠಕ್ಕೂ ಹೋಗುತ್ತಾರೆ, ಕ್ವಿಜ್‌ಗೂ ಹೋಗುತ್ತಾರೆ, ಅಭಿನಯ ಗೀತೆಗೂ ಹೋಗುತ್ತಾರೆ. ವಾರಗಟ್ಟಲೆ ತಯಾರಿ ಅವರಿಗೆ. ಉಳಿದ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಹೆಚ್ಚು ಸಹಾಯ ಬೇಕಾದ ಮಗುವಿಗೆ ಕಡಿಮೆ ಸಮಯ ಸಿಗುತ್ತದೆ. ಯಾರೂ ಬೇಕೆಂದು ಹಾಗೆ ಮಾಡುವುದಿಲ್ಲ. ಮೇಲಿನಿಂದ ಬಹುಮಾನ ಎಷ್ಟು ಎಂದು ಕೇಳುವುದರಿಂದ ಹಾಗಾಗುತ್ತದೆ.

ಕಲಿಕಾ ಹಬ್ಬ ಈ ಕೊರತೆಯನ್ನು ಸ್ವಲ್ಪ ತುಂಬುವ ದಾರಿ. 2024-25ರ ಹಬ್ಬದಲ್ಲಿ ಗಟ್ಟಿ ಓದು, ಕಥೆ ಹೇಳುವುದು, ಕೈಬರಹ, ಸಂತೋಷದಾಯಕ ಗಣಿತ, ರಸಪ್ರಶ್ನೆ ಇದ್ದವು. ಪೋಷಕರೂ ಮಕ್ಕಳೂ ಸೇರಿ ಭಾಗವಹಿಸುವ ಚಟುವಟಿಕೆಯೂ ಇತ್ತು. ಗಟ್ಟಿ ಓದನ್ನು ಗಮನಿಸಿ. ಅಸರ್‌ನವರು ಮನೆ ಬಾಗಿಲಲ್ಲಿ ಕೇಳುವುದೂ ಅದನ್ನೇ. ಹಬ್ಬದ ದಿನ ಕ್ಲಸ್ಟರ್‌ಗೆ ಹೋಗುವವರು ಕೆಲವರೇ ಇರಬಹುದು. ಆದರೆ ಅವರನ್ನು ಆರಿಸುವ ಮುಂಚೆ ಶಾಲೆಯಲ್ಲಿ ಪ್ರತಿಯೊಂದು ಮಗುವೂ ಒಂದು ಪುಟ ಓದಿದರೆ, ಯಾರು ಎಲ್ಲಿ ನಿಂತಿದ್ದಾರೆ ಎಂಬುದು ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಕಾಸು ಖರ್ಚಿಲ್ಲ.

33 ಅಂಕದಿಂದ ಏನಾಗುತ್ತದೆ?

ಹೊಸ ನಿಯಮದಲ್ಲಿ ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30 ಅಂಕ, ಒಟ್ಟಾರೆ ಶೇ 33, ಅಂದರೆ 625ಕ್ಕೆ 206 ಬಂದರೆ ಪಾಸ್. ಪರ ಇರುವವರು ಹೇಳುವುದು ಹೀಗೆ: ಕೇಂದ್ರ ಪಠ್ಯಕ್ರಮದಲ್ಲೂ 33 ಇದೆ, ನಮ್ಮ ಮಕ್ಕಳಿಗೆ ಮಾತ್ರ ಯಾಕೆ ಎತ್ತರದ ಗೋಡೆ? ಇಂಗ್ಲಿಷ್ ಅಥವಾ ಗಣಿತ ಒಂದರಲ್ಲೇ ಎಡವುವ ಹಳ್ಳಿ ಮಗು ಅಲ್ಲಿಗೇ ಓದು ಬಿಡುತ್ತದೆ. ಹುಡುಗಿಯಾದರೆ ಮನೆಯಲ್ಲಿ ಮದುವೆ ಮಾತು, ಹುಡುಗನಾದರೆ ಕೂಲಿ. ವಿರೋಧಿಸುವವರ ಪ್ರಶ್ನೆಯೂ ಗಟ್ಟಿಯೇ: ಗೋಡೆ ತಗ್ಗಿಸಿದರೆ ಕಲಿಸಬೇಕಾದ ಕೆಲಸ ಸುಮ್ನೆ ಮರೆತುಹೋಗುವುದಿಲ್ಲವೇ?

ಇದರಿಂದ ನಿಜವಾಗಿ ಲಾಭವಾಗುವುದು ಅಂಚಿನಲ್ಲಿರುವ ಮಕ್ಕಳಿಗೆ. ಬೇರೆ ವಿಷಯಗಳಲ್ಲಿ ಚೆನ್ನಾಗಿ ತೆಗೆದು ಗಣಿತದಲ್ಲಿ 31 ಬಂದವಳು ಈಗ ಪಿಯುಸಿ, ಐಟಿಐ, ಡಿಪ್ಲೊಮಾ ಬಾಗಿಲಿಗೆ ಹೋಗಬಹುದು. ಅವಳ ಮಟ್ಟಿಗೆ ಇದು ಬದುಕಿನ ಪ್ರಶ್ನೆ, ಅದನ್ನು ಹಗುರಾಗಿ ತೆಗೆದುಕೊಳ್ಳಬಾರದು. ಆದರೆ 12 ಅಂಕ ತೆಗೆಯುವ, ಪ್ರಶ್ನೆಯನ್ನೇ ಓದಲಾರದ ಮಗುವಿಗೆ ಇದರಿಂದ ಏನೂ ಆಗುವುದಿಲ್ಲ. ಅದಕ್ಕೆ ಬೇಕಾದದ್ದು ನಾಲ್ಕನೇ ತರಗತಿಯಲ್ಲಿ ಸಿಗಬೇಕಿತ್ತು.

ಇನ್ನೊಂದು ಪರಿಣಾಮವೂ ಇದೆ. ನಿಯಮ ಬದಲಾದ್ದರಿಂದ ಪಾಸಾಗುವವರ ಸಂಖ್ಯೆ ತಾನಾಗಿ ಏರುತ್ತದೆ. ಅದನ್ನು ಹಿಂದಿನ ವರ್ಷದ ಪಕ್ಕದಲ್ಲಿಟ್ಟು ‘ಭಾರಿ ಸುಧಾರಣೆ’ ಎಂದು ಬರೆದರೆ, 2025ರಲ್ಲಿ ‘ಭಾರಿ ಕುಸಿತ’ ಎಂದು ಬರೆದಾಗ ಆದ ತಪ್ಪೇ ಮತ್ತೆ ಆಗುತ್ತದೆ, ತಿರುಗುಮುರುಗಾಗಿ.

ಊರವರು ಏನು ಕೇಳಬಹುದು?

ತಪ್ಪು ಸಂಖ್ಯೆಗಳ ಪೆಟ್ಟು ಕೊನೆಗೆ ಬೀಳುವುದು ಊರ ಶಾಲೆಯ ಮೇಲೆ. ಫಲಿತಾಂಶ ಕಡಿಮೆ ಎಂದು ಅನುಕೂಲ ಇರುವವರು ಮಕ್ಕಳನ್ನು ಖಾಸಗಿ ಶಾಲೆಯ ಹಳದಿ ಬಸ್ಸು ಹತ್ತಿಸುತ್ತಾರೆ. ಮಕ್ಕಳ ಸಂಖ್ಯೆ ಇಳಿಯುತ್ತದೆ. ಇಳಿದರೆ ಶಿಕ್ಷಕರ ಹುದ್ದೆ ಹೋಗುತ್ತದೆ, ಆಮೇಲೆ ದೊಡ್ಡ ಶಾಲೆಗೆ ಸೇರಿಸುವ ಮಾತು ಬರುತ್ತದೆ. ಒಂದರಿಂದ ಐದನೇ ತರಗತಿವರೆಗಿನ ಮಗುವಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಎಂಬ ನಿಯಮ ಇದ್ದರೂ, ದೂರ ಜಾಸ್ತಿಯಾದಾಗ ಮೊದಲು ಶಾಲೆ ಬಿಡುವುದು ಬಸ್ಸಿನ ದುಡ್ಡು ಇಲ್ಲದ ಮನೆಯ ಮಗು.

ಇದನ್ನು ತಡೆಯುವ ಒಂದು ಹಿಡಿ ಊರವರ ಕೈಯಲ್ಲೇ ಇದೆ, ಅದು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಕಾಯ್ದೆಯ ಪ್ರಕಾರ ಅದರ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪೋಷಕರೇ, ಅರ್ಧದಷ್ಟು ಮಹಿಳೆಯರು. ಸಾಮಾನ್ಯವಾಗಿ ಅಲ್ಲಿ ಕಾಂಪೌಂಡ್, ಶೌಚಾಲಯ, ಬಿಸಿಯೂಟದ ಅಕ್ಕಿಯ ಮಾತು ನಡೆಯುತ್ತದೆ. ಅವೂ ಬೇಕು. ಜೊತೆಗೆ ಹೆಡ್‌ಮಾಸ್ಟರನ್ನು ಒಂದು ಪ್ರಶ್ನೆ ಕೇಳಬಹುದು: ‘ಮೇಷ್ಟ್ರೇ, ನಾಲ್ಕು ಐದನೇ ತರಗತಿಯಲ್ಲಿ ಅಕ್ಷರದಲ್ಲಿ ನಿಂತವರು ಎಷ್ಟು, ಒತ್ತಕ್ಷರದಲ್ಲಿ ನಿಂತವರು ಎಷ್ಟು, ಕಥೆ ಓದುವವರು ಎಷ್ಟು?’ ಮಕ್ಕಳ ಹೆಸರು ಬೇಡ, ಸಂಖ್ಯೆ ಸಾಕು. ಹೆಸರು ಬರೆದರೆ ಮಗುವಿಗೆ ಅವಮಾನ.

ಈ ಪ್ರಶ್ನೆ ಮೇಷ್ಟ್ರಿಗೂ ಬಲ ಕೊಡುತ್ತದೆ. ಎರಡು ತಿಂಗಳು ಬೇರೆ ಕೆಲಸಕ್ಕೆ ಕಳಿಸಿದಾಗ ಆ ಸಂಖ್ಯೆ ಅಲ್ಲೇ ನಿಂತಿತು ಎಂದು ಅವರು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮುಂದೆ ತೋರಿಸಬಹುದು. ಅತಿಥಿ ಶಿಕ್ಷಕರನ್ನು ಕೇಳುವಾಗ ಅದೇ ದಾಖಲೆ. ಶಾಲೆ ಶುರುವಾದ ಜೂನ್‌ನಲ್ಲಿ ಒಂದು ಶನಿವಾರ ಓದಿಸಿ, ಹೆಡ್‌ಮಾಸ್ಟರ ಕೊಠಡಿಯ ಹೊರಗೋಡೆಯ ಬೋರ್ಡಿನಲ್ಲಿ ಸೀಮೆಸುಣ್ಣದಿಂದ ಮೂರು ಸಂಖ್ಯೆ ಬರೆದರೆ ಸಾಕು. ಒತ್ತಕ್ಷರದಲ್ಲಿ ನಿಂತವರು 11 ಎಂದು ಅಲ್ಲಿ ಇದ್ದರೆ, ಸಂಕ್ರಾಂತಿ ಹೊತ್ತಿಗೆ ಅದು ಎಷ್ಟಾಯಿತು ಎಂದು ಮಗುವನ್ನು ಬಿಡಲು ಬಂದ ಯಾವ ಅಮ್ಮ ಬೇಕಾದರೂ ನಿಂತು ನೋಡಬಹುದು.